ಡೆಲವೇರ್ ಕೊಲ್ಲಿಯಲ್ಲಿ ‘ಹೈದರ್ ಅಲಿ’: ಅಮೆರಿಕದ ಹಡಗಿಗೆ ನಮ್ಮ ನವಾಬನ ಹೆಸರು ಬಂದದ್ದು ಹೇಗೆ?

ಕಡಲಂಚು

ನಾಲ್ಕಾರು ದಿನಗಳಿಂದ ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ, ಇಲ್ಲಿ ಬರೆಯದೆ ಇರಲಾರೆ. 1782ರ ಏಪ್ರಿಲ್ 8ರಂದು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ, ಕೇಪ್ ಮೇ ಭೂಶಿರದ ಬಳಿ, ಎರಡು ಹಡಗುಗಳ ನಡುವೆ ಕಾಳಗ ನಡೆಯಿತು. ಒಂದು ಬ್ರಿಟನ್ನಿನ ‘ಜನರಲ್ ಮಂಕ್’. ಇನ್ನೊಂದು ಅಮೆರಿಕದ್ದು. ಅದರ ಹೆಸರು ‘ಹೈದರ್ ಅಲಿ’. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರ್ ಅಲಿಯೇ. ಗೆದ್ದದ್ದೂ ಆ ಹಡಗೇ.

ವ್ಯಾಪಾರದ ಹಡಗೊಂದನ್ನು ಪೆನ್ಸಿಲ್ವೇನಿಯಾ ರಾಜ್ಯವೂ ಫಿಲಡೆಲ್ಫಿಯಾದ ವರ್ತಕರೂ ಸೇರಿ ತೋಪು ಏರಿಸಿ ಸಜ್ಜುಗೊಳಿಸಿದ್ದರು. ಕೊಲ್ಲಿಯಲ್ಲಿ ಬ್ರಿಟಿಷ್ ಹಡಗುಗಳ ಹಾವಳಿಯಿಂದ ಅವರ ಸರಕು ಸಮುದ್ರಕ್ಕೆ ಹೋಗುವುದೇ ನಿಂತುಹೋಗಿತ್ತು. ಕಪ್ತಾನ ಜೋಶುವಾ ಬಾರ್ನಿಗೆ ಆಗ 22 ವರ್ಷ. ಅದಕ್ಕೆ ಹಿಂದಿನ ವರ್ಷವಷ್ಟೇ ಅವನು ಇಂಗ್ಲೆಂಡಿನ ಪ್ಲಿಮತ್ ಬಳಿಯ ಸೆರೆಮನೆಯಿಂದ ತಪ್ಪಿಸಿಕೊಂಡು ಬಂದಿದ್ದ.

ನನ್ನನ್ನು ಕಾಡುವ ಪ್ರಶ್ನೆ ಇದು. ಅಲ್ಲಿನವರಿಗೆ ನಮ್ಮ ಹೈದರನ ಹೆಸರು ಅಷ್ಟು ಆಪ್ತವಾದದ್ದು ಹೇಗೆ? ಮೈಸೂರಿನ ಎರಡನೆಯ ಯುದ್ಧವನ್ನೂ ಅಮೆರಿಕದ ಕ್ರಾಂತಿಯನ್ನೂ ನಾವು ಬೇರೆ ಬೇರೆ ಪಾಠಗಳಲ್ಲಿ ಓದಿದೆವು. ಅವು ಒಂದೇ ಯುದ್ಧದ ಎರಡು ಕಡಲುಗಳು ಎಂದು ಯಾರೂ ಹೇಳಿಕೊಡಲಿಲ್ಲ.

ಚುಕ್ಕಾಣಿ

ವರ್ತಕ ಹಡಗುಗಳಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು. ಆ ಕಾಳಗವನ್ನು ಹಡಗಿನವರ ಕಣ್ಣಿನಿಂದ ವಿವರಿಸುತ್ತೇನೆ, ಏಕೆಂದರೆ ಅದರ ಸೊಗಸೆಲ್ಲ ಚುಕ್ಕಾಣಿಯಲ್ಲಿದೆ.

ಬಾರ್ನಿಯ ಹಡಗಿನಲ್ಲಿ 16 ತೋಪುಗಳು, ಹೆಚ್ಚಿನವು ಆರು ಪೌಂಡಿನ ಗುಂಡು ಹಾರಿಸುವ ಸಣ್ಣವು. ಜನ ಸುಮಾರು 110. ಮಂಕ್‌ನ ತೋಪುಗಳು ಇನ್ನೂ ಹೆಚ್ಚು, ಒಂಬತ್ತು ಪೌಂಡಿನವು. ಜನ 136. ಅದರ ಹಿಂದೆ ಬ್ರಿಟನ್ನಿನ ‘ಕ್ವಿಬೆಕ್’ ಎಂಬ ದೊಡ್ಡ ಸಮರನೌಕೆಯೂ ಇತ್ತು, ‘ಫೇರ್ ಅಮೆರಿಕನ್’ ಎಂಬ ಇನ್ನೊಂದು ಹಡಗೂ ಇತ್ತು. ತನ್ನ ಬೆಂಗಾವಲಿನಲ್ಲಿದ್ದ ಸರಕು ಹಡಗುಗಳನ್ನು ಕೊಲ್ಲಿಯ ಒಳಕ್ಕೆ ಓಡಲು ಹೇಳಿ ಬಾರ್ನಿ ತಾನು ಹಿಂದೆ ಉಳಿದ. ‘ಫೇರ್ ಅಮೆರಿಕನ್’ ಆ ಹಡಗುಗಳ ಬೆನ್ನಟ್ಟಿ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಉಳಿದದ್ದು ಮಂಕ್.

ಮಂಕ್ ಹತ್ತಿರ ಬರುವ ಮೊದಲೇ ಬಾರ್ನಿ ಚುಕ್ಕಾಣಿ ಹಿಡಿದವನಿಗೆ ಮೆಲ್ಲಗೆ ಹೇಳಿದ: ಇನ್ನು ಮುಂದೆ ನಾನು ಕೂಗಿ ಏನು ಹೇಳುತ್ತೇನೋ ಅದಕ್ಕೆ ತದ್ವಿರುದ್ಧವಾಗಿ ತಿರುಗಿಸು. ಮಂಕ್ ಕೂಗಳತೆಗೆ ಬಂದಾಗ, ಶತ್ರುವಿಗೂ ಕೇಳುವಂತೆ ಗಂಟಲು ಬಿಚ್ಚಿ ಒಂದು ದಿಕ್ಕಿನ ಆಜ್ಞೆ ಕೊಟ್ಟ. ಮಂಕ್‌ನವರು ಅದನ್ನು ನಂಬಿ ತಮ್ಮ ಹಡಗನ್ನು ಅದೇ ಲೆಕ್ಕದಲ್ಲಿ ತಿರುಗಿಸಿದರು. ‘ಹೈದರ್ ಅಲಿ’ ಇನ್ನೊಂದು ಕಡೆ ತಿರುಗಿ ಮಂಕ್‌ನ ಮೂತಿಗೆ ಅಡ್ಡವಾಗಿ ನಿಂತಿತು. ಮಂಕ್‌ನ ಮುಂಚಾಚಿದ ಮರ ‘ಹೈದರ್ ಅಲಿ’ಯ ಹಗ್ಗಗಳಲ್ಲಿ ಸಿಕ್ಕಿಹಾಕಿಕೊಂಡಿತು.

ಹಾಯಿಹಡಗಿನ ತೋಪುಗಳೆಲ್ಲ ಇರುವುದು ಅದರ ಎರಡು ಪಕ್ಕಗಳಲ್ಲಿ. ಮೂತಿಗೆ ಅಡ್ಡ ನಿಂತ ವೈರಿಯನ್ನು ಅವುಗಳಿಂದ ಹೊಡೆಯಲಾಗದು. ಅಡ್ಡ ನಿಂತವನಿಗಾದರೋ ತನ್ನ ಒಂದು ಪಕ್ಕದ ತೋಪುಗಳೆಲ್ಲ ಸಿಗುತ್ತವೆ, ಹಾರಿದ ಗುಂಡು ಎದುರಿನ ಹಡಗನ್ನು ಮೂತಿಯಿಂದ ಹಿಂಬದಿಯ ತನಕ ಉದ್ದಕ್ಕೆ ಸೀಳುತ್ತದೆ. ಎಲ್ಲವೂ ಅರ್ಧ ಗಂಟೆಯೊಳಗೆ ಮುಗಿಯಿತು. ಅಮೆರಿಕದವರ ಲೆಕ್ಕದ ಪ್ರಕಾರ ಮಂಕ್‌ನಲ್ಲಿ 20 ಮಂದಿ ಸತ್ತರು, 33 ಮಂದಿ ಗಾಯಗೊಂಡರು. ಇವರ ಕಡೆ ಸತ್ತವರು 4, ಗಾಯಗೊಂಡವರು 11. ಅಮೆರಿಕದ ನೌಕಾದಳದ ಚರಿತ್ರೆಯನ್ನು 1839ರಲ್ಲಿ ಪ್ರಕಟಿಸಿದ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್, ಆ ದೇಶದ ಧ್ವಜದಡಿ ನಡೆದ ಅತ್ಯಂತ ಉಜ್ಜ್ವಲ ಕಾಳಗಗಳ ಸಾಲಿಗೆ ಇದನ್ನು ಸೇರಿಸಿದ.

ನಿವೃತ್ತ ಇಂಗ್ಲಿಷ್ ಅಧ್ಯಾಪಕ

ಕಡಲಂಚು ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಕವಿತೆಯಲ್ಲಿದೆ. ಫಿಲಿಪ್ ಫ್ರೆನೋ ಎಂಬ ಕವಿ ಈ ಹಡಗಿನ ಮೇಲೆ ಎರಡು ಹಾಡು ಕಟ್ಟಿದ್ದಾನೆ. ಒಂದು, ಹಡಗು ಹೊರಡುವಾಗ ನಾವಿಕರನ್ನು ಕರೆಯುವ ಹಾಡು. ಇನ್ನೊಂದು, ಗೆಲುವಿನ ಹಾಡು. ಮೊದಲನೆಯದರಲ್ಲಿ ಹಡಗಿಗೆ ಆ ಹೆಸರು ಏಕೆ ಎಂಬುದನ್ನು ಅವನು ನೇರವಾಗಿಯೇ ಹೇಳುತ್ತಾನೆ: ಮೂಡಣದ ಒಬ್ಬ ದೊರೆಯಿಂದ ಇದು ಹೆಸರು ಪಡೆದಿದೆ, ಸ್ವಾತಂತ್ರ್ಯದ ಪವಿತ್ರ ಜ್ವಾಲೆ ತಾಗಿದ ಆ ದೊರೆ, ಅತಿಕ್ರಮಿಸಿದ ಬ್ರಿಟಿಷರಿಗೆ ಅವಮಾನ ಉಣಿಸಿ, ತನ್ನ ನಾಡಿನ ಅನ್ಯಾಯಕ್ಕೆ ಸೇಡು ತೀರಿಸುತ್ತಿದ್ದಾನೆ.

ಫ್ರೆನೋ ದಡದಲ್ಲಿ ಕೂತು ಬರೆದವನಲ್ಲ. 1780ರಲ್ಲಿ ಅವನು ಪ್ರಯಾಣಿಸುತ್ತಿದ್ದ ‘ಅರೋರಾ’ ಬ್ರಿಟಿಷರ ಕೈಗೆ ಸಿಕ್ಕಿತು. ನ್ಯೂಯಾರ್ಕಿನಲ್ಲಿ ನಿಲ್ಲಿಸಿದ್ದ ‘ಸ್ಕಾರ್ಪಿಯನ್’ ಎಂಬ ಸೆರೆಹಡಗಿನಲ್ಲಿ ಅವನನ್ನು ಕೂಡಿಹಾಕಿದರು. ಅಂಥ ಸೆರೆಹಡಗುಗಳಲ್ಲಿ ಹಸಿವು, ಜ್ವರ, ಕೊಳೆಯಿಂದ ಸತ್ತ ಅಮೆರಿಕನ್ನರು ಹನ್ನೊಂದು ಸಾವಿರಕ್ಕೂ ಹೆಚ್ಚು ಎಂಬುದು ರೂಢಿಯಲ್ಲಿರುವ ಲೆಕ್ಕ. ರಣರಂಗದಲ್ಲಿ ಸತ್ತವರಿಗಿಂತ ಅದು ಹೆಚ್ಚು. ಫ್ರೆನೋ ಎಲುಬಿನ ಗೂಡಾಗಿ ಹೊರಬಂದು, ಮರುವರ್ಷ ಆ ಸೆರೆಹಡಗಿನ ಮೇಲೆಯೇ ದೀರ್ಘ ಕವನ ಪ್ರಕಟಿಸಿದ. ಆ ಹೊಟ್ಟೆಯ ಕಿಚ್ಚು ಅರಿಯದೆ ಅವನ ಹೈದರ್ ಹಾಡನ್ನು ಓದಿದರೆ ಅದು ಬರೀ ಬೀಗುವ ಪದ್ಯದಂತೆ ಕಾಣುತ್ತದೆ.

ಹೈದರನ ಸುದ್ದಿ ಅವರಿಗೆ ಸಿಕ್ಕಿದ್ದು ಲಂಡನ್ನಿನ ಪತ್ರಿಕೆಗಳಿಂದ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ತುಕಡಿಯನ್ನು ಹೈದರ್ ಮತ್ತು ಟಿಪ್ಪು ನುಚ್ಚುನೂರು ಮಾಡಿದ್ದರು. ಅದು ಲಂಡನ್ನಿಗೆ ಸಿಡಿಲು ಬಡಿದಂಥ ಸುದ್ದಿ. ಲಂಡನ್ನಿಗೆ ಸಿಡಿಲಾದದ್ದು ಫಿಲಡೆಲ್ಫಿಯಾಕ್ಕೆ ಹಬ್ಬ. ಶತ್ರುವಿನ ಶತ್ರುವಿನ ಹೆಸರನ್ನು ಹಡಗಿಗೆ ಇಟ್ಟು, ಶತ್ರು ದೂರದರ್ಶಕದಲ್ಲಿ ಅದನ್ನು ಓದಲಿ ಎಂದು ಅವರು ಬಯಸಿದ್ದರೆ ಆಶ್ಚರ್ಯವಿಲ್ಲ.

ಹೊಸೂರು ಓದುಗ

ಇಷ್ಟು ಸಂಭ್ರಮ ಬೇಡ ಎಂದು ಹೇಳಲೇಬೇಕಾಗಿದೆ. ‘ಸ್ವಾತಂತ್ರ್ಯದ ಪವಿತ್ರ ಜ್ವಾಲೆ’ ತಾಗಿದ ದೊರೆ ಎನ್ನುವುದು ಫ್ರೆನೋನ ಕಲ್ಪನೆ. ಹೈದರ್ ಒಡೆಯರನ್ನು ಹೆಸರಿಗಷ್ಟೇ ಸಿಂಹಾಸನದಲ್ಲಿ ಕೂರಿಸಿ 1761ರಿಂದ ತಾನೇ ಆಳಿದವನು. 1780ರಲ್ಲಿ ಘಟ್ಟ ಇಳಿದು ಅವನ ಸೈನ್ಯ ಆರ್ಕಾಟಿನ ಸೀಮೆಯಲ್ಲಿ ಮಾಡಿದ ನಾಶವನ್ನು ಈ ಕಡೆಯ ಹಳ್ಳಿಗಳು ತಲೆಮಾರುಗಳ ಕಾಲ ನೆನೆದವು. ಬೆಳೆ ಸುಟ್ಟರು, ಜನ ಮದರಾಸಿಗೆ ಓಡಿದರು, ಅಲ್ಲಿ ಹಸಿವಿನಿಂದ ಸತ್ತರು. ನಾನು ಹೈದರನ ಸಾಮರ್ಥ್ಯವನ್ನು ಅಲ್ಲಗಳೆಯುವುದಿಲ್ಲ. ಓದು ಬರಹ ಬಾರದ ಮನುಷ್ಯ ಅಂಥ ರಾಜ್ಯ ಕಟ್ಟಿದ್ದು ಸಣ್ಣ ಮಾತಲ್ಲ. ಆದರೆ ಅವನು ಕಾದಾಡಿದ್ದು ತನ್ನ ರಾಜ್ಯಕ್ಕಾಗಿ. ಅದಕ್ಕೆ ಅಮೆರಿಕದ ‘ಸ್ವಾತಂತ್ರ್ಯ’ ಎಂಬ ಪದವನ್ನು ಅಂಟಿಸಬಾರದು.

ಆ ಪದ ಅಮೆರಿಕದಲ್ಲೂ ಎಲ್ಲರಿಗೂ ದಕ್ಕಿರಲಿಲ್ಲವಲ್ಲ. ಬಾರ್ನಿಯ ಊರು ಬಾಲ್ಟಿಮೋರ್. ಆ ಊರಿರುವ ಮೇರಿಲ್ಯಾಂಡಿನಲ್ಲಿ ಗುಲಾಮರನ್ನು ಮಾರುತ್ತಿದ್ದ ಕಾಲ ಅದು.

ನಿವೃತ್ತ ಇಂಗ್ಲಿಷ್ ಅಧ್ಯಾಪಕ

ನಿಮ್ಮ ಮಾತು ಸರಿ. ಇಂಗ್ಲಿಷ್ ಸಾಹಿತ್ಯದೊಳಗೇ ಅದಕ್ಕೆ ಸಾಕ್ಷಿ ಇದೆ. ಎಡ್ಮಂಡ್ ಬರ್ಕ್ 1785ರ ಫೆಬ್ರುವರಿ 28ರಂದು ಆರ್ಕಾಟಿನ ನವಾಬನ ಸಾಲಗಳ ಕುರಿತು ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣದಲ್ಲಿ ಹೈದರನ ದಂಡಯಾತ್ರೆಯ ವರ್ಣನೆ ಬರುತ್ತದೆ. ರೋಷ, ಹಾವಳಿ, ವಿನಾಶದ ಸಾಮಗ್ರಿಯನ್ನೆಲ್ಲ ಒಂದು ಕಾರ್ಮೋಡವಾಗಿ ಕಲಸಿ ಅವನು ಬೆಟ್ಟದ ಇಳಿಜಾರುಗಳಲ್ಲಿ ಕೆಲಕಾಲ ತೂಗಿ ನಿಂತ ಎನ್ನುತ್ತಾನೆ ಬರ್ಕ್. ಮೋಡ ಒಡೆದು ಕರ್ನಾಟಿಕ್ ಬಯಲಿನ ಮೇಲೆ ಸುರಿಯುವ ತನಕ ಆ ವಾಕ್ಯಗಳು ಉಸಿರು ಬಿಡುವುದಿಲ್ಲ. ಇಂಗ್ಲಿಷ್ ಗದ್ಯದಲ್ಲಿ ಅದಕ್ಕಿಂತ ಭೀಕರವಾದ ಪುಟಗಳನ್ನು ನಾನು ಹೆಚ್ಚು ಓದಿಲ್ಲ. ಎಷ್ಟೋ ವರ್ಷ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದೇನೆ, ಪ್ರತಿ ಸಲ ಕೋಣೆ ನಿಶ್ಶಬ್ದವಾಗುತ್ತಿತ್ತು.

ಆದರೆ ಬರ್ಕ್ ಬೆರಳು ತೋರಿಸಿದ್ದು ಯಾರ ಕಡೆಗೆ? ಹೈದರನನ್ನು ಕೆರಳಿಸಿದ ಕಂಪನಿಯ ಅಧಿಕಾರಿಗಳ ಕಡೆಗೆ, ನವಾಬನಿಗೆ ಸಾಲ ಕೊಟ್ಟು ನಾಡನ್ನು ಹೀರಿದ ಮದರಾಸಿನ ಆಂಗ್ಲರ ಕಡೆಗೆ. ಹತ್ತು ವರ್ಷ ಹಿಂದೆ, 1775ರ ಮಾರ್ಚ್ 22ರಂದು, ಅಮೆರಿಕದೊಂದಿಗೆ ರಾಜಿ ಮಾಡಿಕೊಳ್ಳಿ ಎಂದು ಅದೇ ಸಭೆಯನ್ನು ಬೇಡಿಕೊಂಡವನೂ ಇದೇ ಬರ್ಕ್. ಆ ಭಾಷಣವನ್ನು ಮುಂದೆ ಅಮೆರಿಕದ ಶಾಲೆಗಳಲ್ಲಿ ಮಕ್ಕಳಿಗೆ ಪಠ್ಯವಾಗಿ ಓದಿಸಿದರು. ಒಬ್ಬನೇ ಮನುಷ್ಯ ಬಾಸ್ಟನ್ನನ್ನೂ ಆರ್ಕಾಟನ್ನೂ ಒಂದೇ ಅಳತೆಗೋಲಿನಿಂದ ಅಳೆದ. ಕಡಲಂಚು ಅವರು ಹೇಳಿದ ‘ಒಂದೇ ಯುದ್ಧ’ ಎಂಬ ಮಾತಿಗೆ ಬರ್ಕ್‌ಗಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ.

ಬೋಳೂರು

ಮಂಗಳೂರಿನವನಾಗಿ ಒಂದು ವಿಷಯ ಸೇರಿಸದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಹೈದರನಿಗೆ ಸ್ವಂತ ಹಡಗುಪಡೆಯ ಕನಸಿತ್ತು. ಅದಕ್ಕಾಗಿ ಮಂಗಳೂರಿನಲ್ಲಿ ಹಡಗು ಕಟ್ಟಿಸಿದ್ದ. 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ನಮ್ಮ ಬಂದರಿಗೆ ನುಗ್ಗಿ ಆ ಹಡಗುಗಳನ್ನು ಸುಟ್ಟು ಹಾಳುಮಾಡಿದ. ಪೊಲ್ಲಿಲೂರಿನ ಗೆಲುವಿಗೆ ಆಗ ಮೂರೇ ತಿಂಗಳು. ಭೂಮಿಯ ಮೇಲೆ ಗೆದ್ದವನು ನೀರಿನ ಮೇಲೆ ಸೋತ.

ಅದಾಗಿ ಹದಿನಾರು ತಿಂಗಳಿಗೆ, ಅವನು ಕಣ್ಣಿನಿಂದ ಕಾಣದ ಕಡಲಿನಲ್ಲಿ, ಅವನ ಹೆಸರಿನ ಹಡಗು ಬ್ರಿಟಿಷ್ ಹಡಗನ್ನು ಹಿಡಿಯಿತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಅಮೆರಿಕಕ್ಕೂ ಹೈದರನಿಗೂ ಜೊತೆಗಾರನಾಗಿ ಬ್ರಿಟನ್ನಿನೊಂದಿಗೆ ಕಾದಾಡುತ್ತಿದ್ದ ಫ್ರಾನ್ಸ್ ಈ ಎರಡು ಕಡಲುಗಳ ನಡುವಿನ ಹಗ್ಗ. ‘ಹೈದರ್ ಅಲಿ’ ಗೆದ್ದ ನಾಲ್ಕನೆಯ ದಿನ, ಏಪ್ರಿಲ್ 12ರಂದು, ಫ್ರೆಂಚ್ ನೌಕಾಧಿಪತಿ ಸಫ್ರೆನ್ ಸಿಂಹಳದ ಕರಾವಳಿಯಲ್ಲಿ ಅದೇ ಹ್ಯೂಸ್‌ನ ಪಡೆಯೊಂದಿಗೆ ಕಾದಾಡುತ್ತಿದ್ದ. ಅದೇ ದಿನ ವೆಸ್ಟ್ ಇಂಡೀಸಿನಲ್ಲಿ ಬ್ರಿಟನ್ನಿನ ರಾಡ್ನಿ ಫ್ರಾನ್ಸಿನ ದ ಗ್ರಾಸ್‌ನನ್ನು ಸೋಲಿಸಿ ಸೆರೆಹಿಡಿದ. ಜುಲೈನಲ್ಲಿ ಸಫ್ರೆನ್ ಕಡಲೂರಿನಲ್ಲಿ ಹೈದರನನ್ನು ಭೇಟಿಯಾದ.

ಪದವಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನನ್ನದೊಂದು ಸಂದೇಹ. ಡೆಲವೇರ್ ಕಾಳಗವನ್ನು ತಿರುವು ಎನ್ನಬಹುದೇ? ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಶರಣಾದದ್ದು ಅದಕ್ಕೆ ಮೊದಲೇ ಅಲ್ಲವೇ? ಮತ್ತು ನಮ್ಮ ಪಠ್ಯದಲ್ಲಿ ಬರುವ ಕಾರ್ನ್‌ವಾಲಿಸ್ ಅವನೇನಾ?

ಕಡಲಂಚು

ಒಳ್ಳೆಯ ಪ್ರಶ್ನೆ ಕೇಳಿದಿರಿ. ಕಾಲವನ್ನು ಸರಿಯಾಗಿ ಇಟ್ಟುಕೊಳ್ಳೋಣ. ನಿಜವಾದ ತಿರುವು 1781ರ ಸೆಪ್ಟೆಂಬರ್ 5. ಚೆಸಪೀಕ್ ಕೊಲ್ಲಿಯ ಬಾಯಲ್ಲಿ ದ ಗ್ರಾಸ್‌ನ 24 ದೊಡ್ಡ ಸಮರನೌಕೆಗಳು ಬ್ರಿಟನ್ನಿನ 19 ನೌಕೆಗಳನ್ನು ತಡೆದು ನಿಲ್ಲಿಸಿದವು. ಆ ಕಾಳಗದಲ್ಲಿ ಅಮೆರಿಕದ ಒಂದು ಹಡಗೂ ಇರಲಿಲ್ಲ. ಸಮುದ್ರದಿಂದ ಬರಬೇಕಾದ ನೆರವು ಬರದೆ ಅಕ್ಟೋಬರ್ 19ರಂದು ಕಾರ್ನ್‌ವಾಲಿಸ್‌ನ ಸೈನ್ಯ ಯಾರ್ಕ್‌ಟೌನಿನಲ್ಲಿ ಆಯುಧ ಕೆಳಗಿಟ್ಟಿತು. 1782ರ ಮಾರ್ಚ್ 20ರಂದು ಪ್ರಧಾನಿ ಲಾರ್ಡ್ ನಾರ್ತ್ ರಾಜೀನಾಮೆ ಕೊಟ್ಟ. ‘ಹೈದರ್ ಅಲಿ’ಯ ಗೆಲುವು ಇವೆಲ್ಲದರ ನಂತರದ್ದು, ಯುದ್ಧದ ಗತಿಯನ್ನು ಅದು ಬದಲಿಸಲಿಲ್ಲ. ಫಿಲಡೆಲ್ಫಿಯಾದ ವರ್ತಕರಿಗೆ ಕೊಲ್ಲಿಯ ದಾರಿಯನ್ನು ಅದು ಬಿಡಿಸಿಕೊಟ್ಟಿತು, ಸಂಧಾನ ಎಳೆಯುತ್ತಿದ್ದ ದಿನಗಳಲ್ಲಿ ಜನರಿಗೆ ಧೈರ್ಯ ತಂದಿತು. ಮಂಕ್ ಮೊದಲು ಅಮೆರಿಕದ್ದೇ ಹಡಗು, ಅದರ ಹಳೆಯ ಹೆಸರು ‘ಜನರಲ್ ವಾಷಿಂಗ್ಟನ್’. ಗೆದ್ದ ಮೇಲೆ ಅದಕ್ಕೆ ಹಳೆಯ ಹೆಸರನ್ನೇ ಮರಳಿ ಇಟ್ಟರು. 1783ರ ಮಾರ್ಚ್‌ನಲ್ಲಿ ಪ್ರಾಥಮಿಕ ಶಾಂತಿ ಒಪ್ಪಂದದ ಪ್ರತಿಯನ್ನು ಫ್ರಾನ್ಸಿನಿಂದ ಫಿಲಡೆಲ್ಫಿಯಾಕ್ಕೆ ತಂದದ್ದು ಅದೇ ಹಡಗು, ಅದೇ ಬಾರ್ನಿ.

ಕಾರ್ನ್‌ವಾಲಿಸ್ ಅವನೇ. ಯಾರ್ಕ್‌ಟೌನಿನಲ್ಲಿ ಸೋತವನು 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದು, ಅರ್ಧ ರಾಜ್ಯವನ್ನು ಕಿತ್ತುಕೊಂಡ. ಬೆಂಗಳೂರಿನ ಕೋಟೆಯ ಮುಂದೆ ಹಾದುಹೋಗುವಾಗ ನನಗೆ ಈಗ ಯಾರ್ಕ್‌ಟೌನ್ ನೆನಪಾಗುತ್ತದೆ.

ಬೋಳೂರು

ಶಾಂತಿಯ ಸುದ್ದಿ ಫಿಲಡೆಲ್ಫಿಯಾಕ್ಕೆ ಸಂತೋಷ ತಂದಿತು, ಮೈಸೂರಿಗೆ ತಂದದ್ದೇನು ಎಂಬುದನ್ನೂ ಹೇಳಬೇಕು. ಅಮೆರಿಕದ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿದ್ದದ್ದು 1782ರ ನವೆಂಬರ್ 30ರಂದು. ಒಂದೇ ವಾರಕ್ಕೆ, ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ 1783ರ ಜೂನ್ ಕೊನೆಗೆ ಕಡಲೂರು ತಲುಪಿತು. ಆಗ ಟಿಪ್ಪು ನಮ್ಮ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಅವನ ಜೊತೆಗಿದ್ದ ಫ್ರೆಂಚರು, ತಮ್ಮ ಯುದ್ಧ ಮುಗಿಯಿತು ಎಂದು ಮುತ್ತಿಗೆಯಿಂದ ಹಿಂದೆ ಸರಿದರು. ಟಿಪ್ಪು ಒಂಟಿಯಾಗಿ ಹೋರಾಟ ಮುಂದುವರಿಸಿದ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದಕ್ಕೆ ಕಂಪನಿಯ ಪ್ರತಿನಿಧಿಗಳು ಅವನ ಪಾಳೆಯಕ್ಕೇ ಬರಬೇಕಾಯಿತು ನಿಜ, ಆದರೆ ಪ್ಯಾರಿಸ್ಸಿನ ಮೇಜಿನ ಮೇಲೆ ಮೈಸೂರಿಗೆ ಕುರ್ಚಿ ಇರಲಿಲ್ಲ. ಫಿಲಡೆಲ್ಫಿಯಾ ಹಾಡಿನಲ್ಲಿ ಹೊಗಳಿದ ದೊರೆಯನ್ನು ಒಪ್ಪಂದದಲ್ಲಿ ಯಾರೂ ನೆನೆಯಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

ಬಾಲ್ಟಿಮೋರ್ ಕನ್ನಡಿಗ

ಹನ್ನೆರಡು ವರ್ಷಗಳಿಂದ ಬಾಲ್ಟಿಮೋರಿನಲ್ಲಿದ್ದೇನೆ. ಫೋರ್ಟ್ ಮೆಕ್‌ಹೆನ್ರಿ ಇಲ್ಲಿಯ ಇಟ್ಟಿಗೆಯ ನಕ್ಷತ್ರಾಕಾರದ ಕೋಟೆ, ಊರಿನಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತೇನೆ. ಬಾರ್ನಿಯ ಕಥೆಯ ಉತ್ತರಾರ್ಧ ಅಲ್ಲಿಗೆ ತಲುಪುತ್ತದೆ.

1814ರಲ್ಲಿ ಬ್ರಿಟಿಷರು ಮತ್ತೆ ಬಂದಾಗ ಬಾರ್ನಿಗೆ 55 ವರ್ಷ. ಚೆಸಪೀಕ್ ಕೊಲ್ಲಿಯ ಸಣ್ಣ ದೋಣಿಪಡೆಗೆ ಅವನೇ ನಾಯಕ. ಆಗಸ್ಟ್‌ನಲ್ಲಿ ದೋಣಿಗಳು ವೈರಿಯ ಕೈಸೇರದಂತೆ ಅವನ್ನು ತಾನೇ ನಾಶಮಾಡಿಸಿ, ನಾವಿಕರನ್ನು ದಡಕ್ಕಿಳಿಸಿ, ತೋಪು ಎಳೆದುಕೊಂಡು ವಾಷಿಂಗ್ಟನ್ನಿನ ರಕ್ಷಣೆಗೆ ನಡೆದ. ಆಗಸ್ಟ್ 24ರ ಬ್ಲೇಡನ್ಸ್‌ಬರ್ಗ್ ಕಾಳಗದಲ್ಲಿ ಬ್ರಿಟಿಷರು ಕಾಂಗ್ರೀವ್ ರಾಕೆಟ್ಟುಗಳನ್ನು ಹಾರಿಸಿದರು. ಅನುಭವವಿಲ್ಲದ ಅಮೆರಿಕನ್ ನಾಡಪಡೆ ದಿಕ್ಕೆಟ್ಟು ಓಡಿತು. ಬಾರ್ನಿಯ ನಾವಿಕರು ಓಡಲಿಲ್ಲ. ಬಾರ್ನಿ ತೊಡೆಗೆ ಗುಂಡು ತಿಂದು ಸೆರೆಯಾದ. ಅಂದು ರಾತ್ರಿ ವಾಷಿಂಗ್ಟನ್ ಹೊತ್ತಿ ಉರಿಯಿತು.

ಸೆಪ್ಟೆಂಬರ್ 13ರಿಂದ 14ರ ತನಕ, ಸುಮಾರು 25 ಗಂಟೆ, ಮೆಕ್‌ಹೆನ್ರಿ ಕೋಟೆಯ ಮೇಲೆ ಬಾಂಬು ಮತ್ತು ರಾಕೆಟ್ಟಿನ ಮಳೆ. ಕೋಟೆಯ ನೀರಿನ ಬದಿಯ ತೋಪುಗಳ ಬಳಿ ಬಾರ್ನಿಯ ದೋಣಿಪಡೆಯ ನಾವಿಕರೂ ಇದ್ದರು. ಕೊಲ್ಲಿಯಲ್ಲಿ ಹಡಗಿನ ಮೇಲಿಂದ ನೋಡುತ್ತಿದ್ದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯದಲ್ಲಿ ರಾಕೆಟ್ಟುಗಳ ಕೆಂಪು ಹೊಳಪು ಎಂಬ ಮಾತಿದೆ. 1931ರಲ್ಲಿ ಅದು ಅಮೆರಿಕದ ರಾಷ್ಟ್ರಗೀತೆಯಾಯಿತು. ಆ ರಾಕೆಟ್ಟಿನ ಬೇರು ಮೈಸೂರಿನದು. ‘ಹೈದರ್ ಅಲಿ’ಯ ಕಪ್ತಾನ, ಹೈದರನ ಸೈನ್ಯ ಬೆಳೆಸಿದ ಆಯುಧದ ಎದುರು ಕೊನೆಯ ದೊಡ್ಡ ಕಾಳಗ ಮಾಡಿದ. ನನ್ನ ಮಗಳ ಶಾಲೆಯಲ್ಲಿ ಆ ಗೀತೆ ಹಾಡುವಾಗ ನಾನು ಬೇರೆಯದೇ ಒಂದು ಊರನ್ನು ನೆನೆಯುತ್ತೇನೆ.

ನಗರದವಳು

ಆ ಊರಿನ ಪಕ್ಕದವಳು ನಾನು. ಹೊಸನಗರ ತಾಲ್ಲೂಕಿನ ನಗರ, ಹಳೆಯ ಬಿದನೂರು. ಹೈದರ್ 1763ರಲ್ಲಿ ಗೆದ್ದು ತನ್ನ ಹೆಸರನ್ನು ಇಟ್ಟ ಊರು. 2018ರಲ್ಲಿ ಅಲ್ಲಿಯ ಹಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದವು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ಒಳಗೆ ಮದ್ದು. ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅವು ಸೇರಿದವು. ನೋಡಿದರೆ ಮಾವಿನ ತೋಪಿನಲ್ಲಿ ಬಿದ್ದ ಹಳೆಯ ಪೈಪಿನ ತುಂಡುಗಳಂತೆ ಕಾಣುತ್ತವೆ. ಅದರ ಹೊಳಪು ಒಂದು ದೇಶದ ಗೀತೆಯಲ್ಲಿದೆ ಎಂದು ಇಂದು ತಿಳಿಯಿತು.

ಹೊಸೂರು ಓದುಗ

ಇಲ್ಲೂ ಒಂದು ಎಚ್ಚರ. ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿದ್ದು ಮೈಸೂರಿನ ರಾಕೆಟ್ಟಲ್ಲ, ವಿಲಿಯಂ ಕಾಂಗ್ರೀವ್ ವೂಲ್ವಿಚ್‌ನಲ್ಲಿ ರೂಪಿಸಿದ್ದು. ಮೈಸೂರಿನವರ ನಿಜವಾದ ಸಾಧನೆ ಕಬ್ಬಿಣದ ಕೊಳವೆ. ಯುರೋಪಿನ ಕಾಗದದ ಕೊಳವೆಗಿಂತ ಅದು ಹೆಚ್ಚು ಒತ್ತಡ ತಾಳುತ್ತಿತ್ತು, ಆದ್ದರಿಂದ ರಾಕೆಟ್ಟು ದೂರ ಹೋಗುತ್ತಿತ್ತು. 1799ರ ನಂತರ ಇಲ್ಲಿಂದ ಒಯ್ದ ಮಾದರಿಗಳು ವೂಲ್ವಿಚ್‌ಗೆ ಹೋದವು, 1804ರ ಹೊತ್ತಿಗೆ ಕಾಂಗ್ರೀವ್ ಪ್ರಯೋಗ ಶುರುಮಾಡಿದ. ಮದ್ದಿನ ಬೆರಕೆ, ಗಾತ್ರ, ಹಡಗಿನಿಂದ ಹಾರಿಸುವ ವ್ಯವಸ್ಥೆ ಇವೆಲ್ಲ ಅವನ ದುಡಿಮೆ. ಬೇರು ನಮ್ಮದು ಎನ್ನಿ, ಒಪ್ಪುತ್ತೇನೆ. ಮರವೆಲ್ಲ ನಮ್ಮದು ಎನ್ನಬೇಡಿ.

ಬಾಲ್ಟಿಮೋರ್ ಕನ್ನಡಿಗ

ಒಪ್ಪಿದೆ ಸರ್. ಬೇರು ಎಂದೇ ಬರೆದಿದ್ದೇನೆ.

ಪದವಿ ವಿದ್ಯಾರ್ಥಿನಿ

ಫ್ರೆನೋ ಮುಂದೆ ಏನಾದ? ಮತ್ತು ಆ ಹಾಡಿನ ಸಾಲುಗಳನ್ನು ಯಾರಾದರೂ ಕನ್ನಡದಲ್ಲಿ ಪದ್ಯವಾಗಿಯೇ ಕೊಡುತ್ತೀರಾ? ನಮ್ಮ ಕಾಲೇಜಿನ ಗೋಡೆಪತ್ರಿಕೆಗೆ ಹಾಕುತ್ತೇನೆ.

ನಿವೃತ್ತ ಇಂಗ್ಲಿಷ್ ಅಧ್ಯಾಪಕ

ಫ್ರೆನೋ ಕಪ್ತಾನನಾಗಿ ಹಡಗು ನಡೆಸಿದ, ಪತ್ರಿಕೆಯನ್ನೂ ನಡೆಸಿದ. ಪ್ರಿನ್ಸ್‌ಟನ್ನಿನಲ್ಲಿ ಅವನು ಜೇಮ್ಸ್ ಮ್ಯಾಡಿಸನ್‌ನ ಸಹಪಾಠಿ. 1791ರಲ್ಲಿ ವಿದೇಶಾಂಗ ಸಚಿವ ಜೆಫರ್ಸನ್ ಅವನಿಗೆ ತನ್ನ ಕಚೇರಿಯಲ್ಲಿ ವರ್ಷಕ್ಕೆ 250 ಡಾಲರಿನ ಅನುವಾದಕನ ಕೆಲಸ ಕೊಟ್ಟ. ಅದೇ ವರ್ಷ ಫ್ರೆನೋ ಫಿಲಡೆಲ್ಫಿಯಾದಲ್ಲಿ ‘ನ್ಯಾಷನಲ್ ಗೆಜೆಟ್’ ತೆರೆದು ಹಣಕಾಸು ಸಚಿವ ಹ್ಯಾಮಿಲ್ಟನ್ನನ ನೀತಿಗಳನ್ನು ಎಡೆಬಿಡದೆ ಖಂಡಿಸಿದ. ಅಧ್ಯಕ್ಷ ವಾಷಿಂಗ್ಟನ್ ಅವನ ಹೆಸರು ಕೇಳಿದರೆ ಸಿಟ್ಟಾಗುತ್ತಿದ್ದ. ಅಮೆರಿಕದ ರಾಜಕೀಯ ಎರಡು ಪಕ್ಷಗಳಾಗಿ ಒಡೆದ ತಿರುವಿನಲ್ಲಿ ಆ ಪತ್ರಿಕೆಯ ಕೈ ದೊಡ್ಡದು, ಬಾಳಿದ್ದು ಮಾತ್ರ ಎರಡೇ ವರ್ಷ. ಹೊಸೂರಿನವರಿಗಾಗಿ ಇನ್ನೊಂದು ಮಾತು: ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರಿಗೆ ಕೊಡುತ್ತಿದ್ದ ಹಿಂಸೆಯ ವಿರುದ್ಧವೂ ಅವನು ಬರೆದಿದ್ದಾನೆ. 1832ರ ಡಿಸೆಂಬರ್‌ನಲ್ಲಿ, ಎಂಬತ್ತರ ಮುದುಕ, ನ್ಯೂಜೆರ್ಸಿಯಲ್ಲಿ ಮನೆಗೆ ನಡೆದು ಬರುವಾಗ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ.

ಪದ್ಯಕ್ಕೆ ಪ್ರಯತ್ನಿಸಿದ್ದೇನೆ. ‘ಸ್ವಾತಂತ್ರ್ಯ’ದ ಬಗ್ಗೆ ಎದ್ದ ಆಕ್ಷೇಪ ಮನಸ್ಸಿನಲ್ಲಿದ್ದುದರಿಂದ ‘ಬಿಡುಗಡೆ’ ಎಂದು ಬಳಸಿದ್ದೇನೆ:

ಮೂಡಣದ ದೊರೆಯೊಬ್ಬನ ಹೆಸರ ಹೊತ್ತಿದೆ ಈ ಹಡಗು,
ಬಿಡುಗಡೆಯ ಪಾವನ ಕಿಚ್ಚು ತಾಗಿದವನು;
ಅನ್ಯರ ನೆಲ ಕಬಳಿಸಿದ ಬ್ರಿಟಿಷರ ತಲೆ ತಗ್ಗಿಸಿ
ತನ್ನ ನಾಡಿನ ನೋವಿಗೆ ಸೇಡು ತೀರಿಸಿದನು.

ಹೊಸೂರು ಓದುಗ

‘ಬಿಡುಗಡೆ’ ಸರಿ ಹೊಂದಿದೆ, ನನ್ನ ತಕರಾರಿಲ್ಲ. ಕೊನೆಯ ಪದ ಮಾತ್ರ ತಿದ್ದಬೇಕು ಸರ್. ಫ್ರೆನೋ ಬರೆಯುವಾಗ ಹೈದರ್ ಇನ್ನೂ ಬದುಕಿದ್ದ, ಆರ್ಕಾಟಿನ ಸೀಮೆಯಲ್ಲೇ ಪಾಳೆಯ ಬಿಟ್ಟಿದ್ದ. ಮೂಲದಲ್ಲೂ ಅದು ನಡೆಯುತ್ತಿರುವ ಕೆಲಸ.

ನಿವೃತ್ತ ಇಂಗ್ಲಿಷ್ ಅಧ್ಯಾಪಕ

ನಿಜ, ತಪ್ಪಿದೆ. ಗೋಡೆಪತ್ರಿಕೆಗೆ ಹೀಗೆ ಬರೆದುಕೊಳ್ಳಮ್ಮ: ‘ತನ್ನ ನಾಡಿನ ನೋವಿಗೆ ಸೇಡು ತೀರಿಸುತಿರುವನು.’